ನಿಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು? ಅದನ್ನು ನೋಡಿ ಅಲಂಕಾರಿಕ ಮೀನು ಆರಿಸಿ



ಕಳೆದ ಕೆಲವು ವಾರಗಳಿಂದ ಬರುತ್ತಿರುವ ಪ್ರಶ್ನೆ ಒಂದೇ: "ಮನೆ ಹಿಂದೆ ಸ್ವಲ್ಪ ಜಾಗ ಇದೆ, ಬೋರ್ ನೀರಿದೆ, ಅಕ್ವೇರಿಯಂ ಮೀನು ಸಾಕಬಹುದಾ? ಯಾವ ಮೀನು ತರಲಿ?" ಸಾಕಬಹುದು. ಆದರೆ ಯಾವ ಮೀನು ಅನ್ನೋದನ್ನು ನೀವಾಗಲಿ ನಾನಾಗಲಿ ತೀರ್ಮಾನ ಮಾಡೋದಲ್ಲ, ನಿಮ್ಮ ನೀರು ತೀರ್ಮಾನ ಮಾಡುತ್ತೆ. ಈ ವಾರ ಅದನ್ನೇ ವಿವರವಾಗಿ ನೋಡೋಣ.

ಮೊದಲು ನಾನು ಕೈ ಸುಟ್ಟುಕೊಂಡ ಕಥೆ ಹೇಳಿಬಿಡ್ತೀನಿ. ನಮ್ಮದು ಬಯಲುಸೀಮೆ, ಗೀಸರ್ ಕಾಯಿಲ್ ವರ್ಷಕ್ಕೊಂದು ಬದಲಾಯಿಸುವ ಊರು. ಮೊದಲ ಸಲ ಮೀನು ಸಾಕಲು ಹೊರಟಾಗ ನಾನು ನೋಡಿದ್ದು ಅಂದ, ಕೇಳಿದ್ದು ರೇಟು. ನಿಯಾನ್ ಟೆಟ್ರಾ ಚೆನ್ನಾಗಿ ಹೋಗುತ್ತೆ ಅಂತ ಒಬ್ಬರು ಹೇಳಿದರು, ಇನ್ನೂರು ಮರಿ ತಂದೆ. ಮೊದಲ ವಾರದಲ್ಲೇ ಅರ್ಧ ಹೋಯಿತು. ಉಳಿದವು ಬದುಕಿದವು, ಆದರೆ ಬಣ್ಣ ಮಂಕು. ಮರಿ ಮಾಡಿಸೋಣ ಅಂತ ಎಂಟು ತಿಂಗಳು ಒದ್ದಾಡಿದೆ, ಒಂದು ಮೊಟ್ಟೆಯೂ ಒಡೆಯಲಿಲ್ಲ. ಔಷಧಿ ಹಾಕಿದೆ, ಆಹಾರ ಬದಲಿಸಿದೆ, ಫಿಲ್ಟರ್ ಬದಲಿಸಿದೆ. ಅದೇ ಹೊತ್ತಿಗೆ ದನಕ್ಕೆ ನೀರು ಕುಡಿಸೋ ಬಾನಿಯಲ್ಲಿ, ಸೊಳ್ಳೆ ಮರಿ ತಿನ್ನಲಿ ಅಂತ ಬಿಟ್ಟಿದ್ದ ಹತ್ತು ಗಪ್ಪಿ ನೂರಾರು ಆಗಿದ್ದವು. ಅವಕ್ಕೆ ನಾನು ಏನೂ ಮಾಡಿರಲಿಲ್ಲ. ಎರಡಕ್ಕೂ ಅದೇ ಬೋರಿನ ನೀರು. ಉತ್ತರ ಬಾನಿಯಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಗಡಸು ನೀರು ಅಂದರೇನು?

ಮಳೆ ನೀರು ಭೂಮಿಗೆ ಇಳಿದು ಕಲ್ಲು ಮಣ್ಣಿನ ಸಂದಿಯಲ್ಲಿ ನಿಂತಾಗ ಅಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅದರಲ್ಲಿ ಕರಗುತ್ತದೆ. ಇವೆರಡೂ ಎಷ್ಟು ಕರಗಿವೆ ಅನ್ನೋದೇ ನೀರಿನ ಗಡಸುತನ. ಹೆಚ್ಚು ಆಳದಲ್ಲಿ, ಹೆಚ್ಚು ಕಾಲ ನಿಂತ ನೀರು ಸಾಮಾನ್ಯವಾಗಿ ಹೆಚ್ಚು ಗಡಸು. ಅದಕ್ಕೇ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆಯ ಆಳ ಬೋರ್‌ಗಳಲ್ಲಿ ಗಡಸು ನೀರು ಸಾಮಾನ್ಯ. ಸುಣ್ಣಕಲ್ಲಿನ ನೆಲವಿರುವ ಕಲಬುರಗಿ ಕಡೆಯೂ ಹಾಗೇ. ಮಲೆನಾಡು, ಕರಾವಳಿಯಲ್ಲಿ ಮಳೆ ಜಾಸ್ತಿ, ತೆರೆದ ಬಾವಿ ಜಾಸ್ತಿ, ಅಲ್ಲಿನ ನೀರು ಬಹುತೇಕ ಮೆದು. ಆದರೆ ಜಿಲ್ಲೆ ನೋಡಿ ಲೆಕ್ಕ ಹಾಕ್ಬೇಡಿ. ಒಂದೇ ಊರಿನಲ್ಲಿ ನಿಮ್ಮ ಬೋರ್ ಬೇರೆ, ಪಕ್ಕದ ಹೊಲದ ಬೋರ್ ಬೇರೆ ಇರಬಹುದು.

ಇನ್ನೊಂದು ಗೊಂದಲ ಬಿಡಿಸಿಕೊಳ್ಳಿ. ಗಡಸು ನೀರು, ಸವಳು ನೀರು ಎರಡೂ ಒಂದೇ ಅಲ್ಲ. ಸವಳು ಅಂದರೆ ಉಪ್ಪಿನಂಶ. ಬಾಯಿಗೆ ಉಪ್ಪು ಹತ್ತದ ನೀರು ಕೂಡ ಬಹಳ ಗಡಸಾಗಿರಬಹುದು.

ಅಳತೆ ಪಿಪಿಎಂನಲ್ಲಿ, ಅಂದರೆ ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ 200 ಪಿಪಿಎಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಅಕ್ವೇರಿಯಂನವರು ಇದನ್ನೇ 'ಡಿಗ್ರಿ' ಲೆಕ್ಕದಲ್ಲೂ ಹೇಳುತ್ತಾರೆ. ಒಂದು ಡಿಗ್ರಿ ಅಂದರೆ ಹತ್ತಿರ ಹತ್ತಿರ 18 ಪಿಪಿಎಂ.

ಮೀನಿಗೆ ಇದರಿಂದ ಏನಾಗುತ್ತೆ?

ಸಿಹಿನೀರಿನ ಮೀನಿನ ಮೈಯೊಳಗೆ ಲವಣ ಜಾಸ್ತಿ, ಹೊರಗಿನ ನೀರಿನಲ್ಲಿ ಕಡಿಮೆ. ಹಾಗಾಗಿ ನೀರು ಕಿವಿರು, ಚರ್ಮದ ಮೂಲಕ ಸದಾ ಒಳಗೆ ನುಗ್ಗುತ್ತಾ ಇರುತ್ತೆ. ಮೀನು ಅದನ್ನು ಮೂತ್ರದಲ್ಲಿ ಹೊರಹಾಕುತ್ತಾ, ಕಳೆದುಹೋದ ಲವಣವನ್ನು ಕಿವಿರಿನಿಂದ ಹೀರಿಕೊಳ್ಳುತ್ತಾ ಸಮತೋಲನ ಕಾಪಾಡುತ್ತದೆ. ಇದು ಹಗಲು ರಾತ್ರಿ ನಿಲ್ಲದ ಕೆಲಸ.

ಪ್ರತಿ ಜಾತಿಯ ಮೀನೂ ತಾನು ಹುಟ್ಟಿದ ಸೀಮೆಯ ನೀರಿಗೆ ತಕ್ಕಂತೆ ಈ ಕೆಲಸ ಕಲಿತಿದೆ. ನಿಯಾನ್ ಟೆಟ್ರಾ, ಡಿಸ್ಕಸ್ ಇವು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯವು. ಅಲ್ಲಿ ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ಲವಣವೇ ಇಲ್ಲದಂಥ ಮೆದು ನೀರು. ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯವು. ಅಲ್ಲಿ ಸುಣ್ಣದ ಅಂಶವಿರುವ ಗಡಸು ನೀರು. ಕೆಲವು ಮೋಲಿಗಳಂತೂ ಸಮುದ್ರ ಸೇರುವ ಹಿನ್ನೀರಿನಲ್ಲೂ ಬದುಕುತ್ತವೆ.

ಮೆದು ನೀರಿನ ಮೀನನ್ನು ಗಡಸು ನೀರಿಗೆ ಹಾಕಿದರೆ ಕೂಡಲೇ ಸಾಯಲೇಬೇಕು ಅಂತೇನಿಲ್ಲ. ನಿಧಾನವಾಗಿ ಒಗ್ಗಿಸಿದರೆ ಎಷ್ಟೋ ಮೀನು ಬದುಕುತ್ತವೆ. ಆದರೆ ಮೊಟ್ಟೆಯ ವಿಷಯ ಬೇರೆ. ಟೆಟ್ರಾದಂಥ ಮೀನುಗಳ ಮೊಟ್ಟೆ ಗಡಸು ನೀರಿನಲ್ಲಿ ಸರಿಯಾಗಿ ಫಲಿಸುವುದಿಲ್ಲ, ಫಲಿಸಿದರೂ ಒಡೆಯುವುದು ಕಷ್ಟ. ಹವ್ಯಾಸಕ್ಕೆ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೀನು ಇಟ್ಟವರಿಗೆ ಇದು ಲೆಕ್ಕಕ್ಕಿಲ್ಲ. ನಮಗೆ ಲೆಕ್ಕಕ್ಕಿದೆ. ಮರಿ ಆಗದ ಮೀನು ರೈತನಿಗೆ ಕರು ಹಾಕದ ಹಸು ಇದ್ದಂತೆ, ದಿನಾ ಮೇವು ಹಾಕಬೇಕು, ಆದಾಯ ಇಲ್ಲ.

ತಿರುಗಾಮುರುಗಾ ಮಾಡಿದರೂ ತೊಂದರೆಯೇ. ಮೋಲಿಯನ್ನು ಮೆದು ನೀರಿಗೆ ಹಾಕಿ ನೋಡಿ, ನಿಂತಲ್ಲೇ ನಿಂತು ಮೈ ತೂಗಾಡಿಸುತ್ತಾ ಇರುತ್ತೆ. ರೋಗ ಅಂತ ಔಷಧಿ ಸುರಿಯುತ್ತಾರೆ. ಎಷ್ಟೋ ಸಲ ಅದಕ್ಕೆ ಬೇಕಾಗಿರೋದು ಔಷಧಿ ಅಲ್ಲ, ಖನಿಜ.

ಪರೀಕ್ಷೆ ಹೇಗೆ ಮಾಡಿಸೋದು?

ಮನೆಯಲ್ಲೇ ಅಂದಾಜು ಸಿಗುತ್ತೆ. ಒಂದು ಬಾಟಲಿಗೆ ಬೋರ್ ನೀರು, ಇನ್ನೊಂದಕ್ಕೆ ಮಳೆ ನೀರು ಹಾಕಿ, ಎರಡಕ್ಕೂ ಒಂದೇ ಅಳತೆ ಬಟ್ಟೆ ಸೋಪಿನ ಚೂರು ಹಾಕಿ ಕುಲುಕಿ. ನೊರೆ ಬಾರದೆ ಮೊಸರು ಒಡೆದಂತೆ ಬಿಳಿ ಚೂರು ತೇಲಿದರೆ ನೀರು ಗಡಸು. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ, ಡ್ರಿಪ್ ಪೈಪಿನ ತೂತು ಕಟ್ಟಿಕೊಳ್ಳುವುದು, ಬೇಳೆ ಬೇಯದೆ ಇರುವುದು ಎಲ್ಲವೂ ಇದೇ ಸೂಚನೆ. ಪರೀಕ್ಷೆಗೆ ಡಿಟರ್ಜೆಂಟ್ ಪುಡಿ ಬಳಸ್ಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ.

ಆದರೆ ದುಡ್ಡು ಹಾಕುವ ಮುಂಚೆ ಸಂಖ್ಯೆಯೇ ಬೇಕು. ಅದಕ್ಕೆ ಮೂರು ದಾರಿ:

1. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಕುಡಿಯುವ ನೀರು ಪರೀಕ್ಷೆಗೆ ಕೊಟ್ಟಿರುವ ಕಿಟ್‌ನಲ್ಲಿ ಗಡಸುತನ ನೋಡುವ ವ್ಯವಸ್ಥೆ ಇರುತ್ತದೆ.

2. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸ್ವಚ್ಛ ಬಾಟಲಿಯಲ್ಲಿ ಒಂದು ಲೀಟರ್ ಒಯ್ದು ಕೊಡಿ. ಮೋಟಾರ್ ಐದು ಹತ್ತು ನಿಮಿಷ ಓಡಿಸಿದ ಮೇಲೆ ಹಿಡಿದ ನೀರಾಗಿರಲಿ. ಗಡಸುತನದ ಜೊತೆ ಪಿಎಚ್, ಕ್ಷಾರೀಯತೆ ಕೂಡ ಬರೆಸಿಕೊಳ್ಳಿ.

3. ಹನಿ ಹಾಕುವ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತೆ. ಅಳತೆ ನೀರಿಗೆ ಒಂದೊಂದೇ ಹನಿ ಹಾಕುತ್ತಾ ಬಣ್ಣ ಬದಲಾಗುವವರೆಗೆ ಎಣಿಸಬೇಕು. ಒಂದು ಹನಿಗೆ ಒಂದು ಡಿಗ್ರಿ ಅಂತಿರುವ ಕಿಟ್‌ನಲ್ಲಿ 24 ಹನಿ ಬಿದ್ದರೆ 24 × 18 = 432 ಪಿಪಿಎಂ. ಕಿಟ್‌ನಿಂದ ಕಿಟ್‌ಗೆ ಲೆಕ್ಕ ಬೇರೆ, ಜೊತೆಗಿರುವ ಚೀಟಿ ಓದಿ.

ಟಿಡಿಎಸ್ ಪೆನ್ ಇದೆಯಲ್ಲ, ಅದು ಸಾಕು ಅಂದ್ಕೋಬೇಡಿ. ಟಿಡಿಎಸ್ ನೀರಿನಲ್ಲಿ ಕರಗಿರುವ ಎಲ್ಲದರ ಒಟ್ಟು ಅಂದಾಜು. ಅದರಲ್ಲಿ ಅಡುಗೆ ಉಪ್ಪಿನ ಪಾಲೆಷ್ಟು, ಕ್ಯಾಲ್ಸಿಯಂ ಪಾಲೆಷ್ಟು ಅಂತ ಪೆನ್ ಹೇಳಲ್ಲ. ಒಂದು ಸಲ ಗಡಸುತನ ಪರೀಕ್ಷೆ ಮಾಡಿಸಿಕೊಂಡ ಮೇಲೆ, ದಿನನಿತ್ಯ ಏರುಪೇರು ಗಮನಿಸಲು ಪೆನ್ ಚೆನ್ನಾಗಿ ಉಪಯೋಗಕ್ಕೆ ಬರುತ್ತೆ.

ಬೋರಿನ ನೀರು ವರ್ಷವಿಡೀ ಒಂದೇ ಥರ ಇರಲ್ಲ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಿ, ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಯಾವ ನೀರಿಗೆ ಯಾವ ಮೀನು?

ಈ ಪಟ್ಟಿ ಮರಿ ಮಾಡಿಸುವವರ ದೃಷ್ಟಿಯಿಂದ ಹಾಕಿದ್ದು. ಗೆರೆ ಹೊಡೆದಂತೆ ಕಟ್ಟುನಿಟ್ಟಲ್ಲ, ಆದರೆ ಶುರು ಮಾಡಲು ಇದು ಸಾಕು.

75 ಪಿಪಿಎಂ ಒಳಗೆ (ಮೆದು): ನಿಯಾನ್ ಟೆಟ್ರಾ, ಕಾರ್ಡಿನಲ್ ಟೆಟ್ರಾ, ರಾಸ್ಬೋರಾ, ಡಿಸ್ಕಸ್. ಮಲೆನಾಡು, ಕರಾವಳಿಯವರಿಗೆ ಇದು ವರ. ಡಿಸ್ಕಸ್ ಮಾತ್ರ ಹೊಸಬರಿಗೆ ಬೇಡ, 28ರಿಂದ 30 ಡಿಗ್ರಿ ಬಿಸಿ, ಬಹಳ ಸ್ವಚ್ಛ ನೀರು ಕೇಳುತ್ತದೆ.

75ರಿಂದ 150 (ಮಧ್ಯಮ): ಏಂಜೆಲ್, ಗೌರಾಮಿ, ಫೈಟರ್, ಟೈಗರ್ ಬಾರ್ಬ್, ರೋಸಿ ಬಾರ್ಬ್, ಜೀಬ್ರಾ ಡಾನಿಯೋ. ಆಯ್ಕೆ ಹೆಚ್ಚು ಇರುವುದು ಇಲ್ಲೇ.

150ರಿಂದ 300 (ಗಡಸು): ಗಪ್ಪಿ, ಪ್ಲಾಟಿ, ಸ್ವೋರ್ಡ್‌ಟೇಲ್, ಮೋಲಿ, ಗೋಲ್ಡ್‌ಫಿಶ್, ಕೊಯ್ ಕಾರ್ಪ್.

300ರಿಂದ 500 (ಬಹಳ ಗಡಸು): ಮೋಲಿ ಮೊದಲ ಸ್ಥಾನ. ನಂತರ ಗಪ್ಪಿ, ಪ್ಲಾಟಿ. ಅನುಭವ ಬಂದ ಮೇಲೆ ಆಫ್ರಿಕನ್ ಸಿಕ್ಲಿಡ್. ಮಲಾವಿ, ಟ್ಯಾಂಗನಿಕಾ ಎಂಬ ದೊಡ್ಡ ಸರೋವರಗಳ ಈ ಮೀನುಗಳಿಗೆ ಕ್ಷಾರೀಯ ನೀರೇ ಇಷ್ಟ.

500ಕ್ಕಿಂತ ಮೇಲೆ: ಒಂದೇ ಸಲ ಬಂಡವಾಳ ಹಾಕ್ಬೇಡಿ. ಹತ್ತು ಮೋಲಿ ತಂದು ಎರಡು ತಿಂಗಳು ಇಟ್ಟು ನೋಡಿ. ಮರಿ ಹಾಕಿ, ಮರಿ ಬೆಳೆದರೆ ಮುಂದುವರಿಯಿರಿ. ಇಲ್ಲದಿದ್ದರೆ ಮಳೆ ನೀರು ಬೆರೆಸುವ ದಾರಿ ಹಿಡಿಯಬೇಕು.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ನಾಲ್ಕೂ ಮೊಟ್ಟೆ ಇಡಲ್ಲ, ನೇರವಾಗಿ ಈಜುವ ಮರಿಯನ್ನೇ ಹಾಕುತ್ತವೆ. ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ದೊಡ್ಡವು ಮರಿಯನ್ನು ತಿನ್ನುತ್ತವೆ, ಹಾಗಾಗಿ ತೊಟ್ಟಿಯಲ್ಲಿ ಹೈಡ್ರಿಲ್ಲಾದಂಥ ಬಳ್ಳಿ ದಟ್ಟವಾಗಿರಲಿ. ಹೊಸಬರು ಇವುಗಳಿಂದಲೇ ಶುರು ಮಾಡೋದು ಕ್ಷೇಮ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿ, ಹೊಂಡಗಳಿಗೆ ಗಪ್ಪಿ ಬಿಟ್ಟಿದ್ದು ನಿಮ್ಮ ಹಿರಿಯರಿಗೆ ನೆನಪಿರಬಹುದು. ಆರೈಕೆ ಇಲ್ಲದೆಯೂ ಅಂಥ ಕಡೆ ಬದುಕುವ ಮೀನು ಅದು.

ಇನ್ನು ಮಿಸ್ ಕೇರಳ ಅಂತ ಕರೆಯುವ ಡೆನಿಸನ್ ಬಾರ್ಬ್. ಇದು ಪಶ್ಚಿಮ ಘಟ್ಟದ ಹೊಳೆಗಳದ್ದೇ ಮೀನು, ಅಳಿವಿನಂಚಿನ ಪಟ್ಟಿಯಲ್ಲಿದೆ. ಒಳ್ಳೆ ಬೆಲೆ ಇದೆ ಅಂತ ಹೊಳೆಯಿಂದ ಹಿಡಿದು ಮಾರ್ಬೇಡಿ. ಸಾಕಣೆಯಲ್ಲಿ ಹುಟ್ಟಿದ ಮರಿ ಸಿಕ್ಕರೆ ಮಾತ್ರ ಯೋಚಿಸಿ.

ಮೀನಿಗೆ ತಕ್ಕ ನೀರು ಮಾಡಬಹುದಾ?

ಗಡಸು ಸೇರಿಸೋದು ಸುಲಭ, ತೆಗೆಯೋದು ಕಷ್ಟ. ಇದೊಂದು ನೆನಪಿಟ್ಟುಕೊಳ್ಳಿ.

ಮೆದು ನೀರಿನವರು ಗಪ್ಪಿ, ಮೋಲಿ ಸಾಕಬೇಕೆಂದರೆ ತೊಳೆದ ಚಿಪ್ಪಿನ ಚೂರು ಅಥವಾ ಸುಣ್ಣಕಲ್ಲಿನ ಜಲ್ಲಿಯನ್ನು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಟ್ಟರೆ ಸಾಕು, ನಿಧಾನವಾಗಿ ಕರಗುತ್ತದೆ. ಬರೀ ಮೆದು ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿ ಕಡಿಮೆ, ಕೊಳೆ ಸೇರಿದಂತೆ ಧಡಕ್ಕನೆ ಇಳಿದುಬಿಡುತ್ತದೆ. ಚಿಪ್ಪು ಅದಕ್ಕೂ ತಡೆ. ಸುಟ್ಟ ಸುಣ್ಣ ಮಾತ್ರ ಯಾವ ಕಾರಣಕ್ಕೂ ಮೀನಿರುವ ತೊಟ್ಟಿಗೆ ಹಾಕ್ಬೇಡಿ, ಪಿಎಚ್ ಒಮ್ಮೆಲೇ ಏರಿ ಎಲ್ಲ ಸಾಯುತ್ತವೆ.

ಗಡಸು ಕಡಿಮೆ ಮಾಡಲು ನಮಗಿರುವ ಅಗ್ಗದ ದಾರಿ ಮಳೆ ನೀರು. ಲೆಕ್ಕ ಸರಳ. ನಿಮ್ಮ ಬೋರ್ 480 ಪಿಪಿಎಂ, ಬೇಕಾದದ್ದು 120 ಅಂದರೆ ಒಂದು ಕೊಡ ಬೋರ್ ನೀರಿಗೆ ಮೂರು ಕೊಡ ಮಳೆ ನೀರು. 500 ಲೀಟರ್ ತೊಟ್ಟಿಗೆ 125 ಲೀಟರ್ ಬೋರ್, 375 ಲೀಟರ್ ಮಳೆ ನೀರು. ಮಳೆ ನೀರಲ್ಲಿ ಗಡಸು ಇಲ್ಲವೇ ಇಲ್ಲ ಅಂತ ಹಿಡಿದ ಲೆಕ್ಕ ಇದು, ಬೆರೆಸಿದ ಮೇಲೆ ಒಮ್ಮೆ ಅಳೆದು ನೋಡಿ.

50 ಚದರ ಮೀಟರ್ ಛಾವಣಿಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 30,000 ಲೀಟರ್ ನೀರು. ಐದರಲ್ಲೊಂದು ಪಾಲು ಹಾಳಾಯಿತು ಅಂದುಕೊಂಡರೂ 24,000 ಲೀಟರ್ ಕೈಗೆ ಸಿಗುತ್ತದೆ. ಹಂಗಾಮಿನ ಮೊದಲ ಮಳೆಯ ನೀರು ಬಿಟ್ಟುಬಿಡಿ, ಛಾವಣಿಯ ದೂಳು ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿರುತ್ತೆ. ಹೊಸ ಜಿಂಕ್ ಶೀಟಿನಿಂದ ಇಳಿದ ನೀರು ಮೀನಿಗೆ ಬೇಡ. ಶೇಖರಿಸಿದ ನೀರಿಗೆ ಬೆಳಕು ತಾಕದಂತೆ ಮುಚ್ಚಿಡಿ.

ಆರ್‌ಒ ಯಂತ್ರವೂ ಗಡಸು ತೆಗೆಯುತ್ತೆ. ಆದರೆ ಮನೆಬಳಕೆಯ ಯಂತ್ರದಲ್ಲಿ ಒಂದು ಲೀಟರ್ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ನೀರಿಗೇ ಬರ ಇರುವ ಊರಲ್ಲಿ ಇದು ಲಾಭದ ಮಾತಲ್ಲ. ಬಳಸಿದರೂ ಬರೀ ಆರ್‌ಒ ನೀರಿಗೆ ಮೀನು ಬಿಡಬಾರದು, ಬೋರ್ ನೀರು ಬೆರೆಸಲೇಬೇಕು. ಉಪ್ಪು ಹಾಕಿ ನಡೆಸುವ ಸಾಫ್ಟ್‌ನರ್ ಯಂತ್ರ ಸ್ನಾನಕ್ಕೆ ಸರಿ, ಮೀನಿಗಲ್ಲ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ ಅಷ್ಟೇ.

ಗಡಸು ನೀರಿನವರು ಎಡವುವ ಜಾಗಗಳು

ಬೋರಿನಿಂದ ನೇರ ತುಂಬುವುದು: ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಬೇರೆ ತೊಟ್ಟಿಯಲ್ಲಿ ಒಂದು ದಿನ ಗಾಳಿ ಪಂಪ್ ಹಾಕಿ ಬಿಟ್ಟು ನಂತರ ಬಳಸಿ. ಪಿಎಚ್ ಅಳೆಯುವುದೂ ಆಮೇಲೆಯೇ, ಗಾಳಿಯಾಡಿದ ಮೇಲೆ ಅದು ಏರುತ್ತೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲೂ ಇದೇ ಉಪಾಯ.

ಬತ್ತಿದಷ್ಟು ತುಂಬುತ್ತಾ ಹೋಗುವುದು: ಬೇಸಿಗೆಯಲ್ಲಿ ನೀರು ಆವಿಯಾಗುತ್ತೆ, ಸುಣ್ಣದಂಶ ತೊಟ್ಟಿಯಲ್ಲೇ ಉಳಿಯುತ್ತೆ. ಅದರ ಮೇಲೆ ಮತ್ತೆ ಬೋರ್ ನೀರು ಸುರಿದರೆ 350 ಇದ್ದದ್ದು ಕೆಲವೇ ತಿಂಗಳಲ್ಲಿ ಎಲ್ಲಿಗೋ ಹೋಗಿರುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಹೊರತೆಗೆದು ಹೊಸ ನೀರು ಹಾಕಿ. ಆ ಹಳೆ ನೀರು ತೆಂಗಿಗೋ ತರಕಾರಿ ಮಡಿಗೋ ಹೋಗಲಿ, ಗೊಬ್ಬರದ ಅಂಶ ಇರುತ್ತೆ. ಬತ್ತಿದಷ್ಟನ್ನು ತುಂಬಲು ಮಳೆ ನೀರು ಇದ್ದರೆ ಉತ್ತಮ.

ಜಾಸ್ತಿ ಆಹಾರ: ಗಡಸು ನೀರಿನ ಪಿಎಚ್ ಬಹುತೇಕ 7.5ರ ಮೇಲಿರುತ್ತೆ. ಪಿಎಚ್ ಏರಿದಂತೆ ಮೀನಿನ ಕಸದಿಂದ ಬರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಹಾಗಾಗಿ ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ.

ಹೊಸ ಸಿಮೆಂಟ್ ತೊಟ್ಟಿ: ಹೊಸ ಸಿಮೆಂಟ್ ನೀರಿಗೆ ಸುಣ್ಣ ಬಿಡುತ್ತೆ. ಮೂರು ನಾಲ್ಕು ವಾರ ನೀರು ತುಂಬಿಟ್ಟು, ನಡುನಡುವೆ ಬದಲಿಸಿ, ಪಿಎಚ್ ನಿಂತ ಮೇಲೆಯೇ ಮೀನು ಬಿಡಿ.

ಮರಿ ತಂದ ದಿನ ಅವಸರ: ಮರಿ ಎಲ್ಲಿ ಬೆಳೆದದ್ದು ಅಂತ ಕೇಳಿ. ಚೆನ್ನೈನ ಕೊಳತ್ತೂರು ಇರಲಿ, ಬಂಗಾಳ ಇರಲಿ, ಅಲ್ಲಿನ ನೀರು ಬೇರೆ ನಿಮ್ಮ ನೀರು ಬೇರೆ. ಚೀಲದ ನೀರಿಗೂ ನಿಮ್ಮ ನೀರಿಗೂ ಟಿಡಿಎಸ್ ನೋಡಿ. ವ್ಯತ್ಯಾಸ ಹೆಚ್ಚಿದ್ದರೆ ಬರುವ ಮೊದಲೇ ಒಂದು ಟಬ್‌ನಲ್ಲಿ ಮಳೆ ನೀರು ಬೆರೆಸಿ ಚೀಲದ ನೀರಿಗೆ ಹತ್ತಿರವಾದ ನೀರು ಸಿದ್ಧ ಮಾಡಿ, ಅದಕ್ಕೆ ಮೀನು ಬಿಟ್ಟು, ಆಮೇಲೆ ಐದಾರು ದಿನ ಸ್ವಲ್ಪ ಸ್ವಲ್ಪ ನಿಮ್ಮ ನೀರು ಸೇರಿಸುತ್ತಾ ಬನ್ನಿ. ನನ್ನ ಟೆಟ್ರಾಗಳು ಮೊದಲ ವಾರದಲ್ಲೇ ಸತ್ತದ್ದು ಈ ಅವಸರದಿಂದಲೇ ಅಂತ ಈಗ ಅನ್ನಿಸುತ್ತದೆ.

ಮಾರುವಾಗಲೂ ನೀರಿನ ಮಾತು ಬರುತ್ತೆ

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಮನೆಗೆ ಬರೋದು ಬೋರ್ ಅಥವಾ ಟ್ಯಾಂಕರ್ ನೀರು. ಮೆದು ನೀರಿನಲ್ಲಿ ಬೆಳೆದ ಮೀನು ಅಲ್ಲಿಗೆ ಹೋದರೆ ಒದ್ದಾಡುತ್ತೆ, ಗಿರಾಕಿ ಅಂಗಡಿಯವರ ಮೇಲೆ ಬೇಸರ ಮಾಡಿಕೊಳ್ಳುತ್ತಾರೆ. "ನನ್ನ ಮೀನು 350 ಪಿಪಿಎಂ ಬೋರ್ ನೀರಲ್ಲೇ ಹುಟ್ಟಿ ಬೆಳೆದದ್ದು" ಅಂತ ಚೀಟಿ ಅಂಟಿಸಿ ಕೊಡಿ. ಅಂಗಡಿಯವರು ಆ ಮಾತಿನ ಬೆಲೆ ಬಲ್ಲರು. ನಾವು ಶಾಪ ಅಂದುಕೊಂಡ ನೀರು ಇಲ್ಲಿ ನಮ್ಮ ಗುರುತಾಗುತ್ತದೆ.

ತರಬೇತಿ, ಸಲಹೆಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು, ಹೆಸರಘಟ್ಟದಲ್ಲಿರುವ ಕೇಂದ್ರ ಸಿಹಿನೀರು ಮೀನು ಸಾಕಣೆ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ವಿಚಾರಿಸಿ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿ ಮಾಡಿ, ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60 ಸಹಾಯಧನ ಇಟ್ಟಿದ್ದರು. ಈ ವರ್ಷ ಅರ್ಜಿ ತೆರೆದಿದೆಯಾ ಅಂತ ತಾಲ್ಲೂಕು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ತೊಟ್ಟಿ ಕಟ್ಟಿಸಿ.

ಒಂದು ವಿನಂತಿ. ಬೇಡವಾದ ಮೀನನ್ನು ಕೆರೆಗೆ, ಕಾಲುವೆಗೆ ಬಿಡಬೇಡಿ. ಗಾಜು ನೆಕ್ಕುವ ಸಕ್ಕರ್ ಮೀನು ಹೀಗೇ ಕೆರೆ ಸೇರಿ ಬಲೆ ಹರಿಯುತ್ತಾ, ನಮ್ಮ ಊರ ಮೀನಿನ ಜಾಗ ಕಿತ್ತುಕೊಳ್ಳುತ್ತಿದೆ.

ಈ ವಾರ ಮಾಡಬೇಕಾದದ್ದು ಇಷ್ಟೇ: ಒಂದು ಬಾಟಲಿ ನೀರು ಹಿಡಿಯಿರಿ, ಪರೀಕ್ಷೆಗೆ ಕೊಡಿ, ಬಂದ ಸಂಖ್ಯೆಯನ್ನು ಮೇಲಿನ ಪಟ್ಟಿಯಲ್ಲಿ ಹುಡುಕಿ. ಮೀನಿನ ಅಂಗಡಿಗೆ ಹೋಗೋದು ಆಮೇಲೆ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದು ಅಂತ ನಾವೇ ಹೇಳ್ತೀವಲ್ಲ, ಇದೂ ಹಾಗೇ. ಆ ಒಂದು ಬಾಟಲಿ ನೀರು ನನಗೆ ಮೊದಲೇ ಹೊಳೆದಿದ್ದರೆ ಎಂಟು ತಿಂಗಳು, ಇನ್ನೂರು ಮೀನು ಎರಡೂ ಉಳಿಯುತ್ತಿದ್ದವು.